ಅಳತೆ ಮಾಮನ ಸಿಗ್ನಲ್ ಸರ್ವೆ

ಅಳತೆ ಮಾಮನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಇತ್ತು. ಬಚ್ಚಲಿನ ಕಿಟಕಿಯ ಹತ್ತಿರ ಬೆಳಗಿನ ಹೊತ್ತು ಒಂದಿಷ್ಟು ಇತ್ತು. ಮಹಡಿಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಮಧ್ಯಾಹ್ನದ ಮೇಲೆ ಇನ್ನೊಂದಿಷ್ಟು ಇತ್ತು. ಹಿಟ್ಟಿನ ಡಬ್ಬದ ಮೇಲೆ ಫೋನಿಟ್ಟು, ಉಸಿರು ಬಿಗಿಹಿಡಿದು, ಹಿಂದಕ್ಕೆ ಸರಿದು ನಿಂತರೆ ಧಾರಾಳವಾಗಿಯೇ ಇತ್ತು. ಫೋನನ್ನು ಎತ್ತಿ ಕಿವಿಗೆ ಹಿಡಿದಾಗ ಮಾತ್ರ ಇರುತ್ತಿರಲಿಲ್ಲ.

ಮಾಮ ವೃತ್ತಿಯಲ್ಲಿ ಟೈಲರ್. ಬೀದಿಯ ತುದಿಯಲ್ಲಿ ಒಂಟಿ ಬಾಗಿಲಿನ ಅಂಗಡಿ, ಒಳಗೆ ಒಂದು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ. ಕುತ್ತಿಗೆಯಲ್ಲಿ ಟೇಪು, ಜೇಬಿನಲ್ಲಿ ನೀಲಿ ಚಾಕು. ಕತ್ತರಿಸುವ ಚಾಕುವಲ್ಲ, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದ ಬಿಲ್ಲೆ. ಏನನ್ನು ಕಂಡರೂ ಮೊದಲು ಅಳೆದು, ಗುರುತು ಹಾಕಿ, ಯೋಚನೆಯನ್ನು ಆಮೇಲೆ ಮಾಡುವುದು ಅವನ ಅಭ್ಯಾಸ. ಹೆಂಡತಿ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಅವಳು ತಂದ ಬ್ರೆಡ್ಡನ್ನು ಕತ್ತರಿಸುವ ಮುಂಚೆ ಅದರ ಮೇಲೂ ನೀಲಿ ಗೆರೆ ಎಳೆಯಲು ಹೋಗಿ ಬೈಸಿಕೊಂಡದ್ದೂ ಉಂಟು.

ಇಂಥ ಮನುಷ್ಯ ಸಿಗ್ನಲ್ಲಿನ ತಂಟೆಗೆ ಹೋದದ್ದು ಮಗಳಿಗಾಗಿ. ಮಗಳಿಗೆ ತುರ್ತು ಆಂಬುಲೆನ್ಸ್ ಸಹಾಯವಾಣಿಯಲ್ಲಿ ಕರೆ ತೆಗೆದುಕೊಳ್ಳುವ ಕೆಲಸ ಸೇರಬೇಕೆಂದು ತುಂಬ ಆಸೆ. ಅದಕ್ಕೆಂದೇ ಒಂದು ವರ್ಷ ಓದಿದ್ದಳು. ಅರ್ಧ ಪಾಳಿ ಮನೆಯಿಂದಲೇ ಮಾಡಬೇಕಾದ ಕೆಲಸವಾದ್ದರಿಂದ ಸಂದರ್ಶನವೂ ಮನೆಯಿಂದಲೇ, ಫೋನಿನಲ್ಲೇ, ಮುಖ ಕಾಣುವ ಹಾಗೆ ಆಗಬೇಕೆಂಬುದು ಸಹಾಯವಾಣಿಯವರ ನಿಯಮ. ಮೊದಲ ಸಲ ಅವರು, “ಎದೆನೋವು ಅಂತ ಕರೆ ಬಂದರೆ ಮೊದಲು ಏನು ಹೇಳ್ತೀರಿ?” ಎಂದು ಕೇಳಿದರು. ಮಗಳು ಉತ್ತರ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಿಗ್ನಲ್ ಕೈಕೊಟ್ಟಿತು. ಆ ಕಡೆಯ ಪರದೆಯ ಮೇಲೆ ಹುಡುಗಿಯೊಬ್ಬಳು ಬಾಯಿ ತೆರೆದುಕೊಂಡು ಅಲ್ಲಾಡದೆ ಕೂತಿದ್ದ ಚಿತ್ರವೊಂದೇ ಉಳಿಯಿತು. ಅವರು ಸಾಕಷ್ಟು ಹೊತ್ತು ನೋಡಿ, ಅಭ್ಯರ್ಥಿಗೆ ಗಾಬರಿಯ ಸ್ವಭಾವವಿದೆ ಎಂದು ತೀರ್ಮಾನಿಸಿದರು.

ಮಗಳು ಗೋಗರೆದ ಮೇಲೆ, ಗುರುವಾರ ಮಧ್ಯಾಹ್ನ ಇನ್ನೊಂದು ಸಲ ನೋಡೋಣ, ಅದೇ ಕೊನೆ ಎಂದರು. ಆ ರಾತ್ರಿ ಅವಳು ಊಟ ಮುಟ್ಟಲಿಲ್ಲ. ಮಾಮನಿಗೆ ಅದನ್ನು ನೋಡಲಾಗಲಿಲ್ಲ.

“ನೀನು ಓದಿಕೋ ಮಗಳೇ. ಗುರುವಾರದೊಳಗೆ ಈ ಬೀದಿಗೆ ಸಿಗ್ನಲ್ ತರಿಸದೇ ಇದ್ದರೆ ನಾನು ಟೇಪು ಮುಟ್ಟೋದೇ ಬಿಡ್ತೀನಿ,” ಎಂದು ಎದೆ ತಟ್ಟಿಕೊಂಡ.

“ಟೇಪಿಗೂ ಸಿಗ್ನಲ್ಲಿಗೂ ಏನ್ರೀ ಸಂಬಂಧ?” ಎಂದಳು ಹೆಂಡತಿ.

ಸಂಬಂಧ ಇನ್ನೂ ಅವನಿಗೂ ಹೊಳೆದಿರಲಿಲ್ಲ. ಹಿಟ್ಟಿನ ಡಬ್ಬದ ಮೇಲೆ ಫೋನಿಟ್ಟು ಮೊಬೈಲ್ ಕಂಪನಿಗೆ ಕರೆ ಮಾಡಿ, ದೂರದಿಂದಲೇ ಕೂಗಿ ಮಾತಾಡಿದ. ಕರೆ ಅಮೂಲ್ಯವೆಂದು ಹೇಳುವ ಧ್ವನಿ ಹೇಳಿ ಮುಗಿಸಿ, ಸಂಗೀತ ಮುಗಿದು, ಕೊನೆಗೊಬ್ಬ ನಿಜವಾದ ಮನುಷ್ಯ ಬಂದ.

“ಸಿಗ್ನಲ್ ಎಲ್ಲಿ ಕಮ್ಮಿ ಇದೆ ಸರ್?”

“ಎಲ್ಲಾ ಕಡೆ!”

“ಎಲ್ಲಾ ಕಡೆ ಅಂದ್ರೆ ನಾವು ಏನಂತ ಬರ್ಕೊಳ್ಳೋದು? ಎಲ್ಲೆಲ್ಲಿ ಎಷ್ಟೆಷ್ಟಿದೆ ಅಂತ ಸರಿಯಾಗಿ...” ಅಲ್ಲಿಗೆ ಕರೆ ಕಟ್ಟಾಯಿತು.

ಮಾಮ ಹಿಗ್ಗಿಹೋದ. ಎಲ್ಲೆಲ್ಲಿ ಎಷ್ಟೆಷ್ಟು ಎಂದರೆ ಅಳತೆ ತಾನೇ? ಜೀವಮಾನವಿಡೀ ಮಾಡಿಕೊಂಡು ಬಂದ ಕೆಲಸವನ್ನೇ ಕಂಪನಿಯವರು ಕೇಳುತ್ತಿದ್ದಾರೆ!

ಭಾನುವಾರ ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ ಅವನು ಫೋನು ಹಿಡಿದು ಹೊರಟ. ಕಣ್ಣು ಪರದೆಯ ಮೇಲೆ, ಕಾಲು ದೇವರ ಮೇಲೆ ಭಾರ ಹಾಕಿ. ಒಂದೊಂದು ಮನೆಯ ಮುಂದೆಯೂ ನಿಂತು, ಫೋನಿನಲ್ಲಿ ಎಷ್ಟು ಕಡ್ಡಿ ಎದ್ದಿದೆಯೆಂದು ನೋಡಿ, ಆ ಸಂಖ್ಯೆಯನ್ನು ನೀಲಿ ಚಾಕಿನಿಂದ ಗೇಟಿನ ಕಂಬದ ಮೇಲೆ ಬರೆದ. ಬರೆದು ಸುಮ್ಮನಿದ್ದರೆ ಅವನು ಟೈಲರ್ ಹೇಗಾದಾನು? ಅಂಗಿಯ ಸೊಂಟ ಯಾವ ಕಡೆಗೆ ಹಿಡಿಸಬೇಕೆಂದು ಬಾಣ ಹಾಕುವ ಕೈ ಅದು. ಸಿಗ್ನಲ್ ಯಾವ ಕಡೆಗೆ ಹೆಚ್ಚುತ್ತದೋ ಆ ಕಡೆಗೆ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಒಂದು ಬಾಣ ಹಾಕಿದ. ಹೆಚ್ಚಿನ ಬಾಣಗಳು ಮನೆಗಳ ಒಳಕ್ಕೆ ಮುಖ ಮಾಡಿದವು. ತನ್ನ ಗೇಟಿಗೆ ಬಂದಾಗ ಕಡ್ಡಿಯೇ ಏಳಲಿಲ್ಲ. ಬೇಸರದಿಂದ ಸೊನ್ನೆ ಸುತ್ತಿದ.

ನಾಳೆ ಇವನ್ನೆಲ್ಲ ಫೋಟೋ ಹಿಡಿದು ಕಂಪನಿಗೆ ಕಳಿಸೋಣ ಎಂದುಕೊಂಡು ಮನೆಗೆ ಬಂದು ನಿದ್ದೆ ಹೋದ. ಮರುದಿನ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಕ್ಕೆ ಜನ ಮುಗಿಬಿದ್ದಿದ್ದರು. ಕತ್ತೆತ್ತಲು ಪುರಸೊತ್ತಾಗಲಿಲ್ಲ.

ಆ ಹೊತ್ತಿಗೆ ಬೀದಿಯಲ್ಲಿ ಬೇರೆಯದೇ ಕಥೆ ಶುರುವಾಗಿತ್ತು. ಅದನ್ನು ಶುರು ಮಾಡಿದವರು ಬಾಲ್ಕನಿ ಅಜ್ಜಿ. ಅಜ್ಜಿ ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಕೂತರೆ ರಾತ್ರಿ ಸೊಳ್ಳೆ ಎಬ್ಬಿಸುವವರೆಗೂ ಏಳುವವರಲ್ಲ. ಎದುರು ಸಾಲಿನ ಕಂಬಗಳ ಮೇಲೆ ಸಂಖ್ಯೆ, ಬಾಣ ಕಂಡವರೇ ಕೂಗು ಹಾಕಿದರು.

“ಯಾರ್ರೋ ಅಲ್ಲಿ! ರಸ್ತೆ ಅಗಲ ಮಾಡೋಕೆ ಗುರುತು ಹಾಕ್ಬಿಟ್ಟಿದ್ದಾರೆ! ಮನೆಗಳು ಹೋದವು!”

ನಿವಾಸಿಗಳ ಸಂಘದ ಅಧ್ಯಕ್ಷರು ಹಲ್ಲುಜ್ಜುತ್ತಿದ್ದವರು ಬ್ರಷ್ಷಿನೊಡನೆಯೇ ಹೊರಗೆ ಬಂದರು. ಅಧ್ಯಕ್ಷರಾಗಿ ಎಂಟು ವರ್ಷ ಕಳೆದರೂ ಬೀದಿಗೆ ಒಂದು ಸಂಕಟವೂ ಬಾರದೆ ಅವರಿಗೆ ಕೈಕಟ್ಟಿ ಹಾಕಿದಂತಾಗಿತ್ತು. ಗುರುತುಗಳನ್ನು ಒಂದೊಂದಾಗಿ ನೋಡಿ, ಬಾಯಿಯ ನೊರೆ ಉಗಿದು, ಅರ್ಥ ಹೇಳಿದರು.

“ಸಂಖ್ಯೆ ಅಂದ್ರೆ ಎಷ್ಟು ಅಡಿ ಹೋಗುತ್ತೆ ಅಂತ. ಬಾಣ ಅಂದ್ರೆ ಯಾವ ಕಡೆಯಿಂದ ಒಡೀತಾರೆ ಅಂತ. ಸ್ಪಷ್ಟವಾಗಿದೆಯಲ್ಲ!”

ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ನಂಬದಿರುವವರು ಯಾರು? ನಾಲ್ಕು ಎಂದು ಬರೆಸಿಕೊಂಡಿದ್ದ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಬಾಗಿಲಿನಿಂದ ಒಳಕ್ಕೆ ಅಡಿ ಹಾಕಿ ಅಳೆದರು. ನಾಲ್ಕನೆಯ ಅಡಿ ಸರಿಯಾಗಿ ರೋಗಿಯ ಕುರ್ಚಿಯ ಮೇಲೆ ಬಂತು.

“ಕುರ್ಚಿಯೇ ಹೋಗುತ್ತಲ್ಲ ಸ್ವಾಮಿ! ನನ್ನ ರೋಗಿಗಳು ರಸ್ತೆಯಲ್ಲಿ ಕೂತು ಬಾಯಿ ಬಿಡಬೇಕಾ?”

ಸೊನ್ನೆ ಬಂದಿದ್ದ ಲಾಂಡ್ರಿಯವನು ಮಾತ್ರ ಎಲ್ಲಿಲ್ಲದ ಗತ್ತಿನಲ್ಲಿ ಗೇಟಿಗೆ ಒರಗಿ ನಿಂತಿದ್ದ. “ನಾವು ಕಟ್ಟಿಸುವಾಗಲೇ ಕಾನೂನು ಪ್ರಕಾರ ಕಟ್ಟಿಸಿದ್ವಿ,” ಎಂದು ಹೋಗಿಬರುವವರಿಗೆಲ್ಲ ಹೇಳಿದ. ಆ ಮನೆಯನ್ನು ಅವನು ಕಟ್ಟಿಸಿದ್ದಲ್ಲ, ಬಾಡಿಗೆಗೆ ಇದ್ದ.

ಚಾಕಿನ ಗುರುತು ನಾಳೆ ಅಳಿಸಿಹೋದರೆ ಇಲಾಖೆಯವರು ಒಂದನ್ನು ನಾಲ್ಕು ಮಾಡಿಯಾರೆಂದು ಅಜ್ಜಿ ಅನುಮಾನ ಎತ್ತಿದರು. ಅಧ್ಯಕ್ಷರು ಒಡನೆಯೇ ಕೆಂಪು ಬಣ್ಣದ ಡಬ್ಬಿ ತಂದು, ಪ್ರತಿ ಗುರುತಿನ ಮೇಲೂ ಕುಂಚ ಆಡಿಸಿ, ಒಂದು ಗೆರೆಯೂ ಆಚೀಚೆ ಆಗದಂತೆ ತಿದ್ದಿ ಸಾಕ್ಷ್ಯ ಭದ್ರಪಡಿಸಿದರು.

ಸಂಜೆ ಮಾಮ ಅಂಗಡಿ ಮುಚ್ಚಿ ಬಂದಾಗ ಬೀದಿಯ ಮಧ್ಯೆ ಸಭೆ ಸೇರಿತ್ತು. ಮನೆಮನೆಯ ಕಂಬದ ಮೇಲೂ ರಕ್ತಗೆಂಪು ಸಂಖ್ಯೆ. ಅವನು ಬರೆದದ್ದು ನೀಲಿ ಚಾಕಿನಲ್ಲಿ. ಇದು ಬೇರೆ ಯಾರದೋ ಕೈವಾಡವೆಂಬುದರಲ್ಲಿ ಅವನಿಗೆ ಕಿಂಚಿತ್ತೂ ಸಂಶಯ ಬರಲಿಲ್ಲ.

“ಅನ್ಯಾಯ! ಕೇಳದೆ ಹೇಳದೆ ಕಂಡವರ ಗೋಡೆ ಮೇಲೆ ಬರೆಯೋಕೆ ಇವರಿಗೆಷ್ಟು ಧೈರ್ಯ?” ಎಂದು ಗರ್ಜಿಸಿದ.

ಆ ಗರ್ಜನೆ ಅಧ್ಯಕ್ಷರಿಗೆ ಹಿಡಿಸಿತು. ನಗರಸಭೆಗೆ ಹೋಗುವ ನಿಯೋಗಕ್ಕೆ ಮಾಮನನ್ನೂ ಸೇರಿಸಿಕೊಂಡರು. ಸೊನ್ನೆಯ ಮನೆಯವನಾಗಿಯೂ ಪರರಿಗಾಗಿ ಮಿಡಿಯುತ್ತಾನೆಂದು ಜನ ಅವನನ್ನು ಹೊಗಳಿದರು.

ಮಂಗಳವಾರ ನಗರಸಭೆಯ ಕಚೇರಿ. ಸಾಲು ಮೇಜು, ಮೇಲೆ ಕಿರುಗುಟ್ಟುವ ಫ್ಯಾನು, ಕಿಟಕಿಯ ಬಳಿ ಸರ್ವೆಯರ್. ಅಧ್ಯಕ್ಷರು ವಿಷಯ ಹೇಳಿ, ಬಿಳಿ ಹಾಳೆಯ ಮೇಲೆ ಗುರುತನ್ನು ಇದ್ದದ್ದಿದ್ದ ಹಾಗೆ ಬಿಡಿಸಿ ತೋರಿಸಿದರು. ನಾಲ್ಕು. ಅದರ ಕೊನೆಗೊಂದು ಸಣ್ಣ ಬಾಲ. ಪಕ್ಕದಲ್ಲಿ ಬಾಣ.

ಆ ಬಾಲವನ್ನು ಕಂಡದ್ದೇ ಮಾಮ ಹಾಳೆಯ ಮೇಲೆ ಬಗ್ಗಿದ. ಮೂವತ್ತು ವರ್ಷದಿಂದ ಪ್ಯಾಂಟು, ಕೋಟುಗಳ ಒಳಮೈ ಮೇಲೆ ಆ ಬಾಲವನ್ನು ಎಳೆದ ಕೈ ಅವನದೇ.

“ಸ್ವಾಮಿ, ಒಂದು ನಿಮಿಷ, ಇದು ಬಹುಶಃ...”

“ತಡೀರಿ ಟೈಲರ್ರೇ, ಸಾಹೇಬರು ನೋಡ್ತಿದ್ದಾರೆ,” ಎಂದು ಅಧ್ಯಕ್ಷರು ಮೊಣಕೈಯಲ್ಲಿ ತಿವಿದರು.

ಸರ್ವೆಯರ್ ನೋಡುತ್ತಿದ್ದದ್ದು ನಿಜ. ಆದರೆ ಅವರಿಗೆ ಈ ಗುರುತಿನ ತಲೆಬುಡ ತಿಳಿದಿರಲಿಲ್ಲ. ತಮಗೆ ತಿಳಿಯದಂತೆ ಮೇಲಿನವರು ಏನೋ ಮಾಡಿದ್ದಾರೆ, ಗೊತ್ತಿಲ್ಲ ಎಂದರೆ ಎದುರಿಗಿರುವವರ ಮುಂದೆ ಮರ್ಯಾದೆ ಹೋಗುತ್ತದೆ. ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದರು.

“ಹೂಂ. ಇದು ನಮ್ಮದೇ. ಪ್ರಾಥಮಿಕ ಹಂತದಲ್ಲಿದೆ. ಹೆಚ್ಚು ಹೇಳೋ ಹಾಗಿಲ್ಲ.”

“ನಿಮ್ಮದೇನಾ ಸರ್? ಸರಿಯಾಗಿ ನೋಡಿ,” ಎಂದ ಮಾಮ, ಹೆಚ್ಚುಕಡಿಮೆ ಬೇಡಿಕೊಳ್ಳುವ ದನಿಯಲ್ಲಿ.

“ನಮ್ಮ ಇಲಾಖೆ ಗುರುತು ನಮಗೆ ಗೊತ್ತಾಗಲ್ವೇನ್ರೀ?”

ಮಾಮ ತಬ್ಬಿಬ್ಬಾದ. ಸರಕಾರವೇ ತನ್ನದೆಂದು ಒಪ್ಪಿಕೊಂಡದ್ದನ್ನು ನನ್ನದು ಎನ್ನಲು ತಾನ್ಯಾರು? ಒಂದು ವೇಳೆ ಅವರೂ ಹೀಗೇ ಬಾಲ ಎಳೆಯುತ್ತಾರೋ ಏನೋ! ಬಾಯಿ ಮುಚ್ಚಿಕೊಂಡು ವಾಪಸು ಬಂದ.

ಬುಧವಾರ ಸರ್ವೆಯರ್ ಇಬ್ಬರು ಸಹಾಯಕರೊಡನೆ ಬೀದಿಗೇ ಬಂದರು. ಉದ್ದನೆಯ ಟೇಪು ಬಿಚ್ಚಿ ಡೆಂಟಿಸ್ಟರ ಕುರ್ಚಿಯನ್ನು ಅಳೆದರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯ ಮೊಣಕಾಲಿನ ಮೇಲಿಂದ ಟೇಪು ಹಾದುಹೋಯಿತು. ಸಾಹೇಬರು ಖುದ್ದು ಅಳೆದ ಮೇಲೆ ಉಳಿದಿದ್ದ ಚೂರುಪಾರು ಆಸೆಯೂ ಹೋಗಿ, ಬೀದಿಗೆ ಬೀದಿಯೇ ಫೋನು ಹಿಡಿಯಿತು. ಒಬ್ಬರು ವಕೀಲರಿಗೆ, ಒಬ್ಬರು ಭಾವನಿಗೆ, ಒಬ್ಬರು ಭಾವನ ವಕೀಲರಿಗೆ. ಬಾಲ್ಕನಿ ಅಜ್ಜಿ ಮೂವರು ಹೆಣ್ಣುಮಕ್ಕಳಿಗೂ ಎಂಟು ಮಂದಿ ಸೊಸೆ ಮೊಮ್ಮಕ್ಕಳಿಗೂ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಮೊದಲಿನಿಂದ ಹೇಳಿದರು. ನಂಬದವರಿಗೆ ಕೆಂಪು ಗುರುತನ್ನು ವೀಡಿಯೋದಲ್ಲಿ ತೋರಿಸಿದರು.

ಮನೆಯಲ್ಲಿ ಮಗಳು ಮೆಟ್ಟಿಲ ತಿರುವಿನಲ್ಲಿ ಕೂತು ಗೆಳತಿಗೆ ಕರೆ ಮಾಡಿ ನೋಡುತ್ತಿದ್ದಳು.

“ಅಪ್ಪ, ವಿಚಿತ್ರ ನೋಡು. ಮೂರು ಕಡ್ಡಿ ಇದೆ, ಕರೆ ಹೋಗ್ತಾನೇ ಇಲ್ಲ. ಮೊದಲು ಒಂದೇ ಕಡ್ಡಿ ಇದ್ದಾಗಲೂ ಅಷ್ಟೋ ಇಷ್ಟೋ ಹೋಗ್ತಿತ್ತು.”

ಮಾಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಕಡ್ಡಿ ಇದ್ದೂ ಮಾತು ಹೋಗುವುದಿಲ್ಲವೆಂದರೆ ತಾನು ಅಳೆದದ್ದಾದರೂ ಏನನ್ನು? ಕುತೂಹಲವೂ ಭಯವೂ ಕೂಡಿ ರಾತ್ರಿಯೆಲ್ಲ ಹೊರಳಾಡಿದ.

ಗುರುವಾರ ಊಟದ ಹೊತ್ತಿಗೆ ಒಂದು ಬಿಳಿ ಕಾರು ಆಮೆ ನಡಿಗೆಯಲ್ಲಿ ಬೀದಿಗೆ ಬಂತು. ಸ್ಟೀರಿಂಗಿನ ಎದುರಿಗೆ ಅರ್ಧ ಡಜನ್ ಮೊಬೈಲು ಸಾಲಾಗಿ ಸಿಕ್ಕಿಸಿದ್ದರು. ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊಬೈಲ್ ಕಂಪನಿಯ ಎಂಜಿನಿಯರ್ ಮೇಡಂ ಕೂತಿದ್ದರು. ಕಾರು ನಿಂತದ್ದೇ ತಲೆ ಹೊರಹಾಕಿದರು.

“ಏನ್ರೀ ನಡೀತಿದೆ ಇಲ್ಲಿ? ನಮ್ಮ ಆಫೀಸಿನ ನಕ್ಷೆಯಲ್ಲಿ ನಿಮ್ಮ ಬೀದಿ ನಿನ್ನೆಯಿಂದ ಕೆಂಪಗೆ ಉರೀತಿದೆ. ಇಷ್ಟು ಪುಟ್ಟ ಬೀದಿಯಲ್ಲಿ ಇಷ್ಟೊಂದು ಏನು ಮಾತಾಡ್ತಿದ್ದೀರಿ?”

ಎಲ್ಲರೂ ಫೋನಿನಲ್ಲಿದ್ದರು. ಮಾಮ ಒಬ್ಬನೇ ಕಾರಿನ ಕಿಟಕಿಗೆ ಮೂಗು ತಾಗಿಸಿ ನಿಂತಿದ್ದ.

“ಮೇಡಂ, ಕಡ್ಡಿ ತುಂಬ ಇದ್ದರೂ ಕರೆ ಯಾಕೆ ಹೋಗಲ್ಲ?”

“ಕಡ್ಡಿ ಅಂದ್ರೆ ಟವರಿನ ದನಿ ನಿಮಗೆ ಎಷ್ಟು ಗಟ್ಟಿಯಾಗಿ ಕೇಳ್ತಿದೆ ಅಂತ ಅಷ್ಟೆ. ನಿಮ್ಮ ಮಾತಿಗೆ ಟವರಿನಲ್ಲಿ ಜಾಗ ಇದೆಯೋ ಇಲ್ವೋ ಅದು ಬೇರೆ ವಿಷಯ. ಇರೋ ಜಾಗವನ್ನೇ ಎಲ್ಲರಿಗೂ ಹಂಚಬೇಕು.”

“ಅಂದ್ರೆ ಇರೋದು ಒಂದೇ ಥಾನು ಬಟ್ಟೆ. ಇಡೀ ಬೀದಿ ಒಟ್ಟಿಗೆ ಕೋಟು ಹೊಲಿಸೋಕೆ ಬಂದಿದೆ.”

“ಹೂಂ, ಹಾಗೇ ಅಂದ್ಕೊಳ್ಳಿ.”

“ಒಬ್ಬೊಬ್ಬರಿಗೆ ಕರವಸ್ತ್ರದಷ್ಟು ಬರುತ್ತೆ.”

“ಅದೂ ಹರಿದದ್ದು,” ಎಂದು ಮೇಡಂ ನಕ್ಕರು. “ಟವರಿನ ಆಂಟೆನಾ ಸ್ವಲ್ಪ ಕೆಳಗೆ ಬಗ್ಗಿಸಬೇಕು, ಪಕ್ಕದ ಟವರಿಗೆ ಅರ್ಧ ಹೊರೆ ದಾಟಿಸಬೇಕು. ಸರಿಹೋಗುತ್ತೆ. ಮುಂದಿನ ವಾರ ಮಾಡಿಸ್ತೀನಿ.”

“ಮುಂದಿನ ವಾರ ಅಂದ್ರೆ ಈ ಗುರುವಾರ ಕಳೆದುಹೋಗಿರುತ್ತೆ ಮೇಡಂ! ಇನ್ನು ಸ್ವಲ್ಪ ಹೊತ್ತಿಗೆ ನನ್ನ ಮಗಳ ಸಂದರ್ಶನ. ಈಗಲೇ ಏನೂ ಮಾಡೋಕಾಗಲ್ವಾ?”

ಮೇಡಂ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ಗೇಟುಗೇಟಿನಲ್ಲೂ ಒಬ್ಬೊಬ್ಬರು ಫೋನಿಗೆ ಅರಚುತ್ತಿದ್ದರು. “ಇವರೆಲ್ಲ ಒಂದರ್ಧ ಗಂಟೆ ಫೋನ್ ಆಫ್ ಮಾಡಿದರೆ ನಿಮ್ಮ ಮಗಳಿಗೆ ಇಡೀ ಥಾನು ಸಿಗುತ್ತೆ. ಮಾಡಿಸ್ತೀರಾ?”

ಮಾಮ ಓಡಿದ. ಡೆಂಟಿಸ್ಟರಿಗೆ ಕೈ ಮುಗಿದ. “ಮನೆ ಹೋಗ್ತಿರೋವಾಗ ಫೋನ್ ಇಡು ಅಂತೀರಲ್ರೀ!” ಎಂದು ಅವರು ಹರಿಹಾಯ್ದರು. ಅಜ್ಜಿಯನ್ನು ಕೂಗಿದ. ಅಜ್ಜಿ ಕೈಸನ್ನೆಯಲ್ಲೇ ಓಡಿಸಿದರು. ಅಧ್ಯಕ್ಷರಂತೂ ಎರಡು ಕಿವಿಗೆ ಎರಡು ಫೋನು ಹಿಡಿದಿದ್ದರು. ಮನೆ ಒಡೆಯುವುದಿಲ್ಲವೆಂದು ತಿಳಿಯುವ ತನಕ ಯಾರೂ ಫೋನು ಇಡುವವರಲ್ಲ ಎಂಬುದು ಮಾಮನಿಗೆ ಮನದಟ್ಟಾಯಿತು. ಅದನ್ನು ತಿಳಿಸಬಲ್ಲವನು ಒಬ್ಬನೇ ಇದ್ದ. ಸರಕಾರವೇ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು, ಅವನು ಹಾಯಾಗಿ ಪಾರಾಗಿದ್ದ ಹೊತ್ತಿನಲ್ಲಿ!

ಮೆಟ್ಟಿಲ ತಿರುವಿನ ಕಿಟಕಿಯಲ್ಲಿ ಮಗಳು ಕೂತಿದ್ದಳು. ತಲೆ ಬಾಚಿಕೊಂಡು, ಅವನೇ ಹೊಲಿದ ಬೂದು ಕೋಟು ತೊಟ್ಟು, ಇನ್ನೂ ರಿಂಗಾಗದ ಫೋನನ್ನೇ ನೋಡುತ್ತಿದ್ದಳು. ಮಾಮ ಡೆಂಟಿಸ್ಟರ ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಹತ್ತಿ ನಿಂತ.

“ಯಾರ ಮನೆಯೂ ಹೋಗಲ್ಲ! ಆ ಗುರುತು ಹಾಕಿದ್ದು ನಾನು!”

ಬೀದಿಯಲ್ಲಿ ಅರ್ಧದಷ್ಟು ಫೋನುಗಳು ಕಿವಿಯಿಂದ ಕೆಳಗಿಳಿದವು.

“ಅದು ಅಡಿ ಲೆಕ್ಕ ಅಲ್ಲ, ಸಿಗ್ನಲ್ ಲೆಕ್ಕ. ನಾಲ್ಕು ಅಂದ್ರೆ ನಾಲ್ಕು ಕಡ್ಡಿ. ಮಗಳ ಸಂದರ್ಶನಕ್ಕೆ ಅಂತ ಅಳೆದೆ. ತಪ್ಪಾಯ್ತು.”

“ಸುಳ್ಳು!” ಎಂದು ಗುಡುಗಿದವರು ಸರ್ವೆಯರ್. ಅವರು ಎರಡನೆಯ ದಿನದ ಅಳತೆಗೆ ಆಗತಾನೇ ಬಂದಿದ್ದರು. “ಅದು ಇಲಾಖೆಯ ಗುರುತು. ನಾನಾಗಲೇ ಫೈಲ್ ತೆರೆದಿದ್ದೀನಿ. ತೆರೆದ ಫೈಲ್ ಸುಮ್ಮನೆ ಮುಚ್ಚೋಕಾಗುತ್ತೇನ್ರೀ?”

ಜನ ಯಾರನ್ನು ನಂಬಬೇಕೆಂದು ತಿಳಿಯದೆ ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದರು. ಮಾಮ ಜೇಬಿನಿಂದ ನೀಲಿ ಚಾಕು ತೆಗೆದು, ಕೆಂಪು ನಾಲ್ಕರ ಪಕ್ಕದಲ್ಲಿ ಇನ್ನೊಂದು ನಾಲ್ಕು ಬರೆದ. ಅದೇ ಡೊಂಕು, ಅದೇ ಬಾಲ.

ಅಧ್ಯಕ್ಷರು ಹತ್ತಿರ ಬಂದು ಕಣ್ಣು ಕಿರಿದಾಗಿಸಿ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ಬಗ್ಗಿ, ತಮ್ಮ ಪ್ಯಾಂಟಿನ ಕಾಲನ್ನು ನಡುಬೀದಿಯಲ್ಲೇ ಹೊರಮಗ್ಗುಲಾಗಿ ಮಡಿಸತೊಡಗಿದರು. ಒಳಮೈ ಮೇಲೆ ಮಸುಕಾಗಿ ಒಂದು ನೀಲಿ ನಾಲ್ಕು, ಬಾಲಸಮೇತ ಕಾಣಿಸಿತು.

“ಹೋದ ತಿಂಗಳು ಉದ್ದ ಕಮ್ಮಿ ಮಾಡೋಕೆ ಕೊಟ್ಟಿದ್ದೆ. ಇದೇ ಅಕ್ಷರ! ಸರ್ವೆಯರ್ ಸಾಹೇಬರೇ, ನನ್ನ ಪ್ಯಾಂಟನ್ನೂ ನಿಮ್ಮ ಇಲಾಖೆಯವರೇ ಅಳೆದರಾ?”

ಸರ್ವೆಯರ್ ಪ್ಯಾಂಟನ್ನು ನೋಡಿದರು, ಕಂಬವನ್ನು ನೋಡಿದರು, ಸಹಾಯಕರನ್ನು ನೋಡಿದರು. ಸಹಾಯಕರು ಆಗಲೇ ಟೇಪು ಸುತ್ತುತ್ತಿದ್ದರು.

ಎಂಜಿನಿಯರ್ ಮೇಡಂ ಮಾತ್ರ ಲ್ಯಾಪ್‌ಟಾಪ್ ಹಿಡಿದುಕೊಂಡು ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದರು. “ಅರ್ಧಕ್ಕರ್ಧ ತಪ್ಪು,” ಎಂದರು. “ಫೋನನ್ನ ಅಂಗೈಯಲ್ಲಿ ಪೂರ್ತಿ ಮುಚ್ಚಿ ಹಿಡಿದಿದ್ದೀರಿ. ಆಂಟೆನಾ ಇರೋ ಜಾಗವನ್ನೇ ಒತ್ತಿ ಹಿಡಿದು ಅಳೆದರೆ ಇನ್ನೇನಾಗುತ್ತೆ? ಈ ಲಾಂಡ್ರಿ ಮುಂದೆ ನನಗೆ ಚೆನ್ನಾಗೇ ಬರ್ತಿದೆ.” ಸೊನ್ನೆಯೂ ಉಳಿಯಲಿಲ್ಲವೆಂದು ಲಾಂಡ್ರಿಯವನ ಮುಖ ಸಪ್ಪಗಾಯಿತು.

ಮನೆ ಉಳಿಯಿತೆಂಬ ಸಂತೋಷ ಒಂದು ಕ್ಷಣ. ಅದರ ಬೆನ್ನಿಗೇ ಸಿಟ್ಟು ಬಂತು. ಡೆಂಟಿಸ್ಟರು, “ನನ್ನ ಅರ್ಧ ರೋಗಿಗಳು ಕುರ್ಚಿ ಬಿಟ್ಟು ಓಡಿಹೋದರಲ್ರೀ ನಿಮ್ಮಿಂದ!” ಎಂದು ಮೇಲೇರಿ ಬಂದರು. ಮಾಮ ಬೆಂಚಿನಿಂದ ಇಳಿಯಲಿಲ್ಲ.

“ಆಮೇಲೆ ಬೈಯಿರಿ ಸ್ವಾಮಿ. ಎಷ್ಟು ಬೇಕಾದರೂ ಬೈಯಿರಿ, ನಿಂತು ಕೇಳಿಸ್ಕೋತೀನಿ. ಈಗ ಒಂದರ್ಧ ಗಂಟೆ ಎಲ್ಲರೂ ಫೋನ್ ಆಫ್ ಮಾಡಿ. ನನ್ನ ಮಗು ಮೇಲೆ ಕೂತಿದೆ. ಇದು ಕೊನೇ ಸಲ. ಇದೂ ಹೋದರೆ ನಾನು ಅವಳ ಮುಖ ಹೇಗೆ ನೋಡಲಿ?”

ಎಲ್ಲರೂ ತಲೆಯೆತ್ತಿ ಮೆಟ್ಟಿಲ ಕಿಟಕಿಯ ಕಡೆ ನೋಡಿದರು. ಮೊದಲು ಫೋನು ಆಫ್ ಮಾಡಿದವರು ಬಾಲ್ಕನಿ ಅಜ್ಜಿ. “ನೋಡ್ತಾ ನಿಂತಿದ್ದೀರಲ್ರೋ, ಒತ್ತಿ! ಹುಡುಗಿ ಬಾಳು!” ಎಂದು ಮೇಲಿನಿಂದ ಗದರಿದರು. ಒಂದೊಂದೇ ಪರದೆ ಕಪ್ಪಾಯಿತು. ಸರ್ವೆಯರೂ ಯಾಕೆಂದು ಗೊತ್ತಿಲ್ಲದೆ ತಮ್ಮದನ್ನು ಆಫ್ ಮಾಡಿದರು.

ಫೋನಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಯಾರಿಗೂ ತೋಚಲಿಲ್ಲ. ಕೆಲವರು ಕೈ ಕಟ್ಟಿದರು, ಕೆಲವರು ಬೆನ್ನ ಹಿಂದೆ ಇಟ್ಟುಕೊಂಡರು. ಹಾಗೇ ಒಬ್ಬೊಬ್ಬರಾಗಿ ಕಾಲು ಸದ್ದು ಮಾಡದೆ ಬಂದು ಮಾಮನ ಮೆಟ್ಟಿಲ ಕಿಟಕಿಯ ಕೆಳಗೆ ಗುಂಪುಗೂಡಿದರು.

ಮೇಲೆ ಫೋನು ರಿಂಗಾಯಿತು. ಮಗಳು ಸ್ಪೀಕರ್ ಹಾಕಿದಳು.

“ಕರೆ ಮಾಡಿದವರು ಅಳ್ತಿದ್ದಾರೆ, ವಿಳಾಸ ಹೇಳ್ತಿಲ್ಲ. ಏನು ಮಾಡ್ತೀರಿ?” ಗಂಡಸಿನ ದನಿ, ನೀರಿನಷ್ಟು ಸ್ಪಷ್ಟ.

“ಅಳಬೇಡ ಅನ್ನೇ ಹುಡುಗಿ,” ಎಂದು ಬಾಲ್ಕನಿಯಿಂದ ಪಿಸುದನಿ ಬಂತು. ಇಡೀ ಬೀದಿ ತುಟಿಯ ಮೇಲೆ ಬೆರಳಿಟ್ಟಿತು.

“ಅಳಬೇಡಿ ಅನ್ನಲ್ಲ ಸರ್. ಮನೆ ಬಾಗಿಲಿಗೆ ನಿಂತರೆ ಎದುರಿಗೆ ಏನು ಕಾಣುತ್ತೆ ಅಂತ ಕೇಳ್ತೀನಿ. ಕಣ್ಣಿಗೆ ಕಾಣೋದನ್ನ ಹೇಳೋಕೆ ಶುರು ಮಾಡಿದರೆ ಅಳು ತಾನಾಗೇ ನಿಲ್ಲುತ್ತೆ.”

ಅಧ್ಯಕ್ಷರು ಮೆಚ್ಚಿ ತಲೆದೂಗಿದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡನೆಯ ಪ್ರಶ್ನೆ ಬಂತು, ಮೂರನೆಯದೂ ಬಂತು. ನಾಲ್ಕನೆಯದರ ನಡುವೆ ಪರದೆಯ ಮೇಲಿನ ಮುಖ ಮಾಯವಾಗಿ, ಆ ದನಿ ಕರಕರ ಎಂದಿತು.

“ನೀವು... ಆಗ... ರೋಗಿ... ಅಯ್ಯೋ, ಇದೇನು... ನಮ್ಮ ಕಡೆ...”

ಯಾರ ಫೋನು, ಯಾರ ಫೋನು ಎಂದು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಎಂಜಿನಿಯರ್ ಮೇಡಂ ಲ್ಯಾಪ್‌ಟಾಪ್ ನೋಡಿ ಕೈಯಾಡಿಸಿದರು. ಇಲ್ಲಿ ಎಲ್ಲ ಸರಿ ಇದೆ, ಆ ತುದಿಯಲ್ಲೇ ತೊಂದರೆ ಎಂದು ಸನ್ನೆ ಮಾಡಿದರು. ಮಾಮ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟ. ಆ ತುದಿಯ ಬೀದಿಗೆ ಹೋಗಿ ಕೈ ಮುಗಿಯುವುದು ಹೇಗೆ?

ಮೇಲಿನಿಂದ ಮಗಳ ದನಿ ಬಂತು. ನಿಧಾನವಾಗಿ, ಒಂದಿಷ್ಟೂ ನಡುಗದೆ.

“ಸರ್, ನನ್ನ ಮಾತು ಕೇಳ್ತಿದ್ದರೆ ಫೋನಿನ ಮೇಲೆ ಒಂದು ಸಲ ತಟ್ಟಿ.”

ಟಕ್.

“ಒಳ್ಳೇದು. ಗಾಬರಿ ಆಗಬೇಡಿ, ನಾನು ಲೈನಲ್ಲೇ ಇದ್ದೀನಿ. ಈಗ ಎದ್ದು ನಿಂತ್ಕೊಳ್ಳಿ. ಕಿಟಕಿ ಎಡಕ್ಕಿದ್ದರೆ ಒಂದು ಸಲ ತಟ್ಟಿ, ಬಲಕ್ಕಿದ್ದರೆ ಎರಡು ಸಲ.”

ಟಕ್ ಟಕ್.

“ಬಲಕ್ಕೆ ನಡೀರಿ. ಫೋನನ್ನ ಅಂಗೈಯಿಂದ ಮುಚ್ಚಬೇಡಿ, ಬೆರಳ ತುದಿಯಲ್ಲಿ ಹಿಡೀರಿ. ಅವಸರ ಬೇಡ.”

ಧಡಾರ್ ಎಂದು ಸದ್ದಾಯಿತು.

“ಬಿದ್ದಿದ್ದು ಕುರ್ಚಿಯಾ ಸರ್, ನೀವಾ? ಕುರ್ಚಿ ಆದರೆ ಒಂದು ಸಲ.”

ಟಕ್.

“ಹಾಗಾದ್ರೆ ದಾಟಿಕೊಂಡು ಬನ್ನಿ. ಕಿಟಕಿ ತೆಗೀರಿ. ಈಗ ಮಾತಾಡಿ.”

“...ಕೇಳ್ತಿದೆಯೇನಮ್ಮಾ?”

“ಚೆನ್ನಾಗಿ ಕೇಳ್ತಿದೆ ಸರ್. ನೀವು ಹೇಗಿದ್ದೀರಿ?”

ಆ ಕಡೆ ಏದುಸಿರು ಕೇಳಿಸಿತು. ಪಕ್ಕದಲ್ಲಿ ಇನ್ಯಾರೋ ನಕ್ಕದ್ದೂ ಕೇಳಿಸಿತು.

“ಇನ್ನೂ ಒಂದಷ್ಟು ಪ್ರಶ್ನೆ ಬರ್ಕೊಂಡಿದ್ದೆ,” ಎಂದರು ಆ ದೊಡ್ಡ ಮನುಷ್ಯರು. “ಹಾಳೆ ಆ ಕುರ್ಚಿ ಹತ್ತಿರ ಉಳೀತು. ಇರಲಿ ಬಿಡಿ. ಸೋಮವಾರದಿಂದ ಬರ್ತೀರಾ?”

ಕಿಟಕಿಯ ಕೆಳಗೆ ಎದ್ದ ಕೇಕೆಗೆ ಆ ಕಡೆಯವರು ಮತ್ತೊಮ್ಮೆ ಕುರ್ಚಿ ಬೀಳಿಸಿದರಂತೆ. ಡೆಂಟಿಸ್ಟರು ಬೈಯುವುದನ್ನು ಮರೆತು ಮಾಮನನ್ನು ತಬ್ಬಿಕೊಂಡರು. ಅಧ್ಯಕ್ಷರು ಒಂದು ಕಾಲಿನ ಪ್ಯಾಂಟು ಮಡಿಸಿಕೊಂಡೇ ಭಾಷಣ ಶುರುಮಾಡಿದರು. ಮಗಳು ಮೆಟ್ಟಿಲಿಳಿದು ಬಂದು ಅಪ್ಪನ ಭುಜಕ್ಕೆ ತಲೆಯಾನಿಸಿದಾಗ ಅವನು ಅವಳ ಕೋಟಿನ ತೋಳನ್ನೇ ನೇವರಿಸಿದ. ಆಮೇಲೆ ನೆನಪಾಯಿತು, ಹೆಂಡತಿ ಬೇಕರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕಾಯುತ್ತಿರುತ್ತಾಳೆ.

ಫೋನು ತೆಗೆದು ಒತ್ತಿದ. ಹೋಗಲಿಲ್ಲ. ಮತ್ತೆ ಒತ್ತಿದ. ಇಲ್ಲ. ಕಡ್ಡಿಗಳೆಲ್ಲ ಎದ್ದು ನಿಂತಿವೆ, ಕರೆ ಮಾತ್ರ ಅಲ್ಲಾಡುತ್ತಿಲ್ಲ. ಸುತ್ತ ನೋಡಿದ. ಫೋನು ಕಿವಿಯಲ್ಲಿಲ್ಲದವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಮಾಮ ಕಾಲಿಗೆ ಬುದ್ಧಿ ಹೇಳಿದ. ಅಂಗಡಿ ದಾಟಿ, ವೃತ್ತ ದಾಟಿ, ಬಸ್ಸು ನಿಲ್ಲುವ ಕಡೆ ಜನರ ನಡುವೆ ನುಗ್ಗಿ, ಕುತ್ತಿಗೆಯ ಟೇಪು ಹಿಂದಕ್ಕೆ ಹಾರಾಡುವಂತೆ ಓಡಿದ. ಬೇಕರಿಯ ಹಿಂಬಾಗಿಲಿನಿಂದ ಒಳಗೆ ಹೊಕ್ಕಾಗ ಹೆಂಡತಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಬೆವರಿಳಿಸಿಕೊಂಡು ಬಂದ ಗಂಡನನ್ನು ಕಂಡದ್ದೇ ಅವಳ ಮುಖ ಬಾಡಿತು.

“ಈ ಸಲವೂ ಕಟ್ಟಾಯ್ತಾ?”

ಮಾಮನಿಗೆ ಉಸಿರು ಸಿಗಲಿಲ್ಲ. ತಲೆಯನ್ನು ಅಡ್ಡಡ್ಡ ಆಡಿಸಿದ, ಆಮೇಲೆ ಉದ್ದುದ್ದ ಆಡಿಸಿದ, ಕೊನೆಗೆ ಎರಡೂ ಕೈ ಮೇಲೆತ್ತಿ ನಕ್ಕ. ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮುಖವೆಲ್ಲ ಬೆಳ್ಳಗಾಯಿತು.

“ಇಷ್ಟು ದೂರ ಓಡಿ ಬಂದು ನನ್ನ ಜೀವ ಬಾಯಿಗೆ ತರಿಸೋ ಬದಲು ಒಂದು ಫೋನ್ ಮಾಡೋಕಾಗಲಿಲ್ವೇನ್ರೀ?”

“ಹೇಗೆ ಮಾಡಲೇ?” ಎಂದ ಮಾಮ, ಬಾಗಿಲಿಗೆ ಒರಗಿ ಏದುಸಿರು ಬಿಡುತ್ತ. “ಇಡೀ ಬೀದಿ ನಿನ್ನ ಮಗಳ ವಿಷಯಾನೇ ಮಾತಾಡ್ತಿದೆ. ನನಗೆ ಲೈನೇ ಸಿಗ್ತಿಲ್ಲ.”